ರಣವನ್ನು ಕಂಡವನು ರಣಕಥೆಯನ್ನು ಕೇಳುವುದು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಇದೇ ಅರ್ಥದ ಸಂಸ್ಕೃತ ಸುಭಾಷಿತವೊಂದು, ದೂರದಿಂದ ಮಾತ್ರ ಚೆಲುವಾಗಿ ತೋರುವ ವಸ್ತುಗಳ ಸಾಲಿನಲ್ಲಿ ಬೆಟ್ಟದೊಡನೆ ಯುದ್ಧದ ವಾರ್ತೆಯನ್ನೂ ಸೇರಿಸಿದೆ. ಯುದ್ಧವನ್ನು ಕಣ್ಣಾರೆ ಕಾಣದ ನಮ್ಮಂಥವರು ಯುದ್ಧದ ಕಥೆಯನ್ನು ಸವಿದು ಕೇಳುವುದಕ್ಕೆ ಇಷ್ಟು ವಿವರಣೆ ಸಾಕು. ಶಾಲೆಯ ಬೆಂಚಿನ ಮೇಲೆ ಕುಳಿತು ಅಭಿಮನ್ಯುವು ಚಕ್ರವ್ಯೂಹವನ್ನು ಹೊಕ್ಕುದನ್ನು ಕೇಳುವ ಬಾಲಕನ ಮೈಗೆ ಬಾಣ ತಾಗುವುದಿಲ್ಲ. ಆದಕಾರಣ ಅವನ ಮೈ ಪುಲಕಗೊಳ್ಳುತ್ತದೆ. ಆದರೆ ಆ ಬೆಟ್ಟವನ್ನು ಹತ್ತಿ, ಮೊಣಕಾಲನ್ನು ತರಚಿಕೊಂಡು, ಜೊತೆಯವರಲ್ಲಿ ಕೆಲವರನ್ನು ಅಲ್ಲಿಯೇ ಬಿಟ್ಟು ಇಳಿದು ಬಂದವನೊಬ್ಬನು ಪ್ರತಿ ಸಂಜೆಯೂ ಆ ಬೆಟ್ಟಕ್ಕೇ ಮುಖಮಾಡಿ ಕುಳಿತರೆ, ಅದಕ್ಕೆ ಏನು ಹೇಳೋಣ? ಗಾದೆ ಅವನಿಗೆ ಅನ್ವಯಿಸುವುದಿಲ್ಲ. ಬೆಟ್ಟ ನುಣ್ಣಗಿಲ್ಲವೆಂಬುದನ್ನು ಅವನು ಬಲ್ಲ.

ಈ ಪ್ರಶ್ನೆ ನಮಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಮ್ಮ ರೊಳ್ಳದ ಕಡೆಯ ಒಬ್ಬ ನಿವೃತ್ತ ಹವಾಲ್ದಾರರನ್ನು ನಾವು ಬಲ್ಲೆವು. ೧೯೮೭ರಿಂದ ೧೯೯೦ರ ವರೆಗೆ ಶ್ರೀಲಂಕೆಯಲ್ಲಿದ್ದ ಭಾರತದ ಶಾಂತಿಪಾಲನಾ ಸೇನೆಯಲ್ಲಿ ಅವರೂ ಇದ್ದರು. ಆ ಸೇನೆಯ ಸಾವಿರಕ್ಕೂ ಹೆಚ್ಚು ಯೋಧರು ಅಲ್ಲಿಂದ ಮರಳಲಿಲ್ಲ. ಹವಾಲ್ದಾರರು ಮರಳಿದರು, ಸೇವೆ ಮುಗಿಸಿ ಊರಿಗೆ ಬಂದು ಹೊಲ ಹಿಡಿದರು. ಲಂಕೆಯ ವಿಚಾರವಾಗಿ ಅವರು ಮಾತನಾಡಿದ್ದನ್ನು ಊರಿನವರು ಕೇಳಿಲ್ಲ. ಶಾಲೆಯ ಮಕ್ಕಳು "ತಾತ, ಎಷ್ಟು ಜನರನ್ನು ಕೊಂದಿರಿ?" ಎಂದು ಕೇಳಿದರೆ, "ಸೊಳ್ಳೆಗಳನ್ನು ಲೆಕ್ಕವಿಲ್ಲದಷ್ಟು" ಎಂದು ಹೇಳಿ ಎದ್ದುಹೋಗುತ್ತಾರೆ. ಅಂಥವರು ಕಣ್ಣಿಗೆ ಪೊರೆ ಬಂದು ಓದುವುದು ಕಷ್ಟವಾದಂದಿನಿಂದ ಸಂಜೆಯ ವೇಳೆ ಜಗಲಿಯ ಮೇಲೆ ಮೊಬೈಲನ್ನು ಇಟ್ಟುಕೊಂಡು ಐತಿಹಾಸಿಕ ಕಾದಂಬರಿಗಳನ್ನು ಕೇಳುತ್ತಾರೆ. ಅದರಲ್ಲಿಯೂ ಕೋಟೆ, ಲಗ್ಗೆ, ಕಾಳಗಗಳಿರುವ ಕಾದಂಬರಿಗಳೇ ಆಗಬೇಕು. ಸಾಮಾಜಿಕ ಕಾದಂಬರಿಯನ್ನು ಹಚ್ಚಿಕೊಟ್ಟರೆ ಹತ್ತು ನಿಮಿಷದಲ್ಲಿ ನಿದ್ದೆ ಹೋಗುತ್ತಾರೆ.

ಈಚಿನ ವರ್ಷಗಳಲ್ಲಿ ಕನ್ನಡದ ಪುಸ್ತಕಗಳನ್ನು ಓದಿ ಮುದ್ರಿಸಿ ಮೊಬೈಲಿಗೆ ಒದಗಿಸುವ ವ್ಯವಸ್ಥೆ ಬೆಳೆದಿದೆ. ಅವನ್ನು ಕೇಳುಪುಸ್ತಕ, ಆಡಿಯೋ ಪುಸ್ತಕ ಎಂದು ಕರೆಯುತ್ತಾರೆ. ಹವಾಲ್ದಾರರ ಸಂಗ್ರಹದಲ್ಲಿ ಇಂಥವು ಕೆಲವಿವೆ. ಆದರೆ ಅವರು ಹೆಚ್ಚಾಗಿ ಕೇಳುವುದು ಬೇರೊಂದನ್ನು. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಅವರ ಮೊಮ್ಮಗಳು ತರಾಸು ಅವರ 'ದುರ್ಗಾಸ್ತಮಾನ'ವನ್ನು ದಿನಕ್ಕೆ ಇಷ್ಟಿಷ್ಟರಂತೆ ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಮುದ್ರಿಸಿಕೊಟ್ಟಿದ್ದಾಳೆ. ಹಳೆಯ ಮಾತುಗಳು ಬಂದಲ್ಲಿ ಅವಳು ತಡವರಿಸುತ್ತಾಳೆ. ನಡುವೆ ಕುಕ್ಕರು ಕೂಗುತ್ತದೆ. ಒಂದೆರಡು ಕಡೆ ಯಾರೋ ಅವಳನ್ನು ನೀರು ಹಿಡಿಯಲು ಕರೆದದ್ದೂ ಕೇಳಿಸುತ್ತದೆ. ನುರಿತ ಕಲಾವಿದರ ವಾಚನಕ್ಕಿಂತ ಇದನ್ನೇ ಅವರು ಮತ್ತೆ ಮತ್ತೆ ಹಚ್ಚುತ್ತಾರೆ.

ಇದು ಸರಿಯೆ? ನಮ್ಮ ಸಹೋದ್ಯೋಗಿಗಳಾದ ಒಬ್ಬ ಅಧ್ಯಾಪಕರು ಇದನ್ನು ನಿಷ್ಠುರವಾಗಿಯೇ ಆಕ್ಷೇಪಿಸಿದರು. ಅವರ ವಾದವನ್ನು ಇಲ್ಲಿ ಕೊಡುವುದು ನ್ಯಾಯ. ಸಾವನ್ನು ಹತ್ತಿರದಿಂದ ಕಂಡವನು ಸಾವಿನ ಕಥೆಯಿಂದ ಸುಖಪಡುವುದಾದರೆ ಅವನ ಮನಸ್ಸು ಜಡ್ಡುಗಟ್ಟಿರಬೇಕು. ಇಲ್ಲವೆ, ಜೊತೆಗಾರರ ಸಾವನ್ನು ಅವನು ಮರೆತಿರಬೇಕು. ಎರಡೂ ಒಳ್ಳೆಯದಲ್ಲ. ಅದೂ ಅಲ್ಲದೆ, ಹದಿನಾಲ್ಕು ವರ್ಷದ ಹುಡುಗಿಯ ಬಾಯಿಂದ ರಕ್ತಪಾತವನ್ನು ಹೇಳಿಸಿ ಕೇಳುವುದು ಎಂಥ ರುಚಿ? ಹೀಗೆ ಅವರ ವಾದ. ಇದನ್ನು ನಗೆಯಾಡಿ ತಳ್ಳಿಹಾಕಲು ಬರುವುದಿಲ್ಲ.

ನಮ್ಮ ಅಲಂಕಾರಶಾಸ್ತ್ರದ ನೆರವನ್ನು ಕೇಳಿದರೆ ಅದೂ ಮೊದಲಿಗೆ ಆ ಅಧ್ಯಾಪಕರ ಪಕ್ಷವನ್ನೇ ವಹಿಸುವಂತೆ ಕಾಣುತ್ತದೆ. ಕಾವ್ಯದ ಶೋಕವು ನಮ್ಮ ಸ್ವಂತ ಶೋಕವಲ್ಲದುದರಿಂದ ಅದು ಆಸ್ವಾದ್ಯವಾಗುತ್ತದೆ; ರಾಮನ ಅಳಲು ಯಾರೊಬ್ಬರ ಅಳಲೂ ಆಗಿರದೆ ಸಾಧಾರಣೀಕರಣಗೊಂಡು ರಸವಾಗುತ್ತದೆ ಎಂಬುದು ತೀನಂಶ್ರೀ ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದವರೆಲ್ಲರೂ ಬಲ್ಲ ಸಂಗತಿ. ಅಭಿನವಗುಪ್ತನು ರಸಕ್ಕೆ ಒದಗುವ ವಿಘ್ನಗಳನ್ನು ಎಣಿಸುವಾಗ, ಕೇಳುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಒಂದು ವಿಘ್ನವೆಂದು ಹೇಳಿದ್ದಾನೆ. ಈ ಲೆಕ್ಕದಲ್ಲಿ ಯುದ್ಧಕಥೆಯನ್ನು ಸವಿಯಲು ಎಲ್ಲರಿಗಿಂತ ಕಡಮೆ ಅರ್ಹತೆಯುಳ್ಳವನು ಯೋಧನೇ. ಕೋಟೆಯ ಗೋಡೆ ಬಿತ್ತೆಂದು ಓದಿದೊಡನೆ ಅವನಿಗೆ ತಾನು ಕಂಡ ಗೋಡೆಯೇ ನೆನಪಾದೀತು. ಅಲ್ಲಿಗೆ ರಸ ಹೋಯಿತು, ದುಃಖ ಉಳಿಯಿತು.

ಆದರೆ ಅದೇ ಅಭಿನವಗುಪ್ತನು ಆ ವಿಘ್ನಕ್ಕೆ ಹೇಳುವ ಪರಿಹಾರವನ್ನೂ ನೋಡಬೇಕು. ತನ್ನ ದುಃಖದಲ್ಲಿ ಮುಳುಗಿದವನನ್ನು ಅದರಿಂದ ಎತ್ತಿ ರಸಕ್ಕೆ ಅಣಿಮಾಡುವುದು ಗಾನ, ವಾದ್ಯ, ಅಲಂಕೃತವಾದ ಮಂಟಪ ಮೊದಲಾದುವು ಎಂಬುದು ಅವನ ಮತ. ಪರಿಹಾರದ ಬಹುಪಾಲು ಕಿವಿಯ ಮೂಲಕ ಬರುತ್ತದೆ ಎಂಬುದನ್ನು ಗಮನಿಸಬೇಕು. ಮುದ್ರಿತ ಪುಟದ ಎದುರಿಗೆ ಯೋಧನು ಒಂಟಿ. ಧ್ವನಿಯ ಎದುರಿಗೆ ಹಾಗಲ್ಲ. ಹೇಳುವವರೊಬ್ಬರು ಅಲ್ಲಿ ಇದ್ದಾರೆ, ಭಾರವನ್ನು ಅವರು ಹೊತ್ತಿದ್ದಾರೆ. ಮೊಮ್ಮಗಳ ತಡವರಿಕೆಯೂ ಕುಕ್ಕರಿನ ಕೂಗೂ ಹವಾಲ್ದಾರರಿಗೆ ಬೇಕಾಗಿರುವುದು ಇದಕ್ಕಾಗಿಯೇ ಎಂದು ನಮಗೆ ತೋರುತ್ತದೆ. ದುರ್ಗಕ್ಕೆ ಲಗ್ಗೆ ಬೀಳುತ್ತಿರುವಾಗಲೂ ಮನೆಯಲ್ಲಿ ಅನ್ನ ಬೇಯುತ್ತಿದೆ ಎಂಬ ಭರವಸೆ ಅದರಲ್ಲಿದೆ.

ಕನ್ನಡಿಗರ ಯುದ್ಧವೆಲ್ಲ ಬಹುಮಟ್ಟಿಗೆ ಕಿವಿಯ ಯುದ್ಧವೇ ಎಂಬುದನ್ನೂ ಇಲ್ಲಿ ನೆನೆಯಬೇಕು. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನ ಭಾರತವು ಓದಿದವರಿಗಿಂತ ಕೇಳಿದವರಿಂದಲೇ ಬದುಕಿತು. ಒಬ್ಬರು ಭಾಮಿನಿ ಷಟ್ಪದಿಯನ್ನು ರಾಗವಾಗಿ ವಾಚಿಸುವುದು, ಮತ್ತೊಬ್ಬರು ಅರ್ಥ ಹೇಳುವುದು, ಊರು ಕುಳಿತು ಕೇಳುವುದು, ಇದು ಗಮಕದ ಕ್ರಮ. ಕಿತ್ತೂರಿನ, ಸಂಗೊಳ್ಳಿ ರಾಯಣ್ಣನ, ಹಲಗಲಿಯ ಬೇಡರ ಕಥೆಗಳು ಲಾವಣಿಯಲ್ಲಿ ಉಳಿದವು. ಮಳೆ ಹೋದಾಗ ವಿರಾಟಪರ್ವವನ್ನು ಓದಿಸುವ ವಾಡಿಕೆ ಬಹು ಕಡೆ ಇತ್ತು. ನಮ್ಮ ಸೀಮೆಯಲ್ಲಂತೂ ಅದನ್ನು ಎಷ್ಟು ಸಲ ಓದಿಸಿದರೂ ಸಾಲದು. ಆಮೇಲೆ ಬಾನುಲಿ ಬಂದಿತು. ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ತೆರೆದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವುದುಂಟು. ಅದೇ ಕಸ್ತೂರಿಯವರು ಮುಂದೆ ನಮ್ಮ ಪಕ್ಕದ ಪುಟ್ಟಪರ್ತಿಯಲ್ಲಿ ನೆಲೆಸಿದರು. ೨೦೨೨ರಲ್ಲಿ ಹೊಸ ಜಿಲ್ಲೆಯಾಗಿ, ಪುಟ್ಟಪರ್ತಿಯೇ ಈಗ ಮಡಕಶಿರಾ ಸೀಮೆಗೆ ಜಿಲ್ಲಾ ಕೇಂದ್ರವಾಗಿದೆ; ರಾಯದುರ್ಗ ಹಿಂದಿನಂತೆ ಅನಂತಪುರಕ್ಕೇ ಸೇರಿದೆ. ಗಡಿಯನ್ನು ಎಷ್ಟು ಸಲ ಎಳೆದರೂ ಧ್ವನಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈ ಊರುಗಳಿಗೆ ಕನ್ನಡ ಪುಸ್ತಕವೊಂದು ಬರಬೇಕಾದರೆ ಯಾರಾದರೂ ಶಿರಾಕ್ಕೋ ತುಮಕೂರಿಗೋ ಹೋಗಿ ತರಬೇಕು. ಕನ್ನಡದ ದನಿ ತಾನಾಗಿ ಬರುತ್ತದೆ.

ಈ ಮಾತಿನಿಂದ ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬಂದಂತಾಯಿತು. ಹವಾಲ್ದಾರರು ಹೊಡೆದಾಡಿದ್ದು ಕನ್ನಡದಲ್ಲಿ ಅಲ್ಲ. ಸೈನ್ಯದ ಅಪ್ಪಣೆ, ಬೈಗುಳ, ಹಾಸ್ಯ ಎಲ್ಲವೂ ಹಿಂದಿ. ಎದುರಿನವರ ಭಾಷೆ ತಮಿಳು. ಮನೆಗೆ ಬಂದ ಮೇಲೆ ಪಿಂಚಣಿಯ ಕಾಗದ ಇಂಗ್ಲಿಷು, ಮಂಡಲ ಕಚೇರಿಯ ವ್ಯವಹಾರ ತೆಲುಗು. ಕನ್ನಡ ಅವರಿಗೆ ಉಣ್ಣುವ, ಉಳುವ, ಎತ್ತನ್ನು ಗದರುವ ಭಾಷೆಯಾಗಿ ಮಾತ್ರ ಉಳಿಯಿತು. ತಮ್ಮ ಬಾಳಿನ ಅತ್ಯಂತ ಭಾರವಾದ ಮೂರು ವರ್ಷಗಳಿಗೆ ಅವರಲ್ಲಿ ತಾಯ್ನುಡಿಯ ಮಾತೇ ಇರಲಿಲ್ಲ. ಮಾತಿಲ್ಲದ ಅನುಭವವನ್ನು ಯಾರಿಗೆ ಹೇಗೆ ಹೇಳುವುದು? ಊರಿನವರು ಅದನ್ನು ಅವರ ಬಿಗುಮಾನವೆಂದು ತಿಳಿದರು. ಪಂಪನಂತೆ ಕತ್ತಿಯನ್ನೂ ಕಂಠವನ್ನೂ ಒಂದೇ ಕೈಯಲ್ಲಿ ಹಿಡಿದವರು ಸಾವಿರ ವರ್ಷಕ್ಕೆ ಒಬ್ಬರು. ಉಳಿದವರಿಗೆ ಬೇರೆಯವರು ಮಾತು ಕೊಡಬೇಕು. ಈಗ ಕಾದಂಬರಿಯಲ್ಲಿ ಕೊತ್ತಲ, ಬತೇರಿ, ದಿಡ್ಡಿ ಬಾಗಿಲು, ಪಹರೆ, ಕಹಳೆ ಎಂಬ ಮಾತುಗಳು ಒಂದೊಂದಾಗಿ ಕಿವಿಗೆ ಬೀಳುವಾಗ, ಇಪ್ಪತ್ತರ ಹರೆಯದಲ್ಲಿ ತಾವು ಇರುಳೆಲ್ಲ ಎಚ್ಚರವಿದ್ದು ಕಾದದ್ದು ಪಹರೆ ಎಂಬುದು ಅವರಿಗೆ ಕನ್ನಡದಲ್ಲಿ ತಿಳಿಯುತ್ತದೆ. ಶ್ರೀಲಂಕೆಯ ಆ ಕಾಳಗವನ್ನು ನಮ್ಮ ಕಡೆ ಯಾರೂ ಲಾವಣಿ ಕಟ್ಟಿ ಹಾಡಲಿಲ್ಲ. ಆದುದರಿಂದ ಅವರು ಚಿತ್ರದುರ್ಗದ ಕೋಟೆಯನ್ನು ಎರವಲು ಪಡೆದಿದ್ದಾರೆ. ಅವರ ಸುಖ ಕೊಲೆಯ ಸುಖವಲ್ಲ. ಬಹುಕಾಲ ಬಾಯಿ ಕಟ್ಟಿದ್ದವನಿಗೆ ತನ್ನ ನುಡಿ ಮರಳಿ ಬಂದ ಸುಖ. ಆಕ್ಷೇಪಿಸಿದ ಅಧ್ಯಾಪಕರಿಗೆ ನಮ್ಮ ಮೊದಲ ಉತ್ತರ ಇದು.

ಮರೆವಿನ ಆರೋಪಕ್ಕೆ ಉತ್ತರ ಬೇರೆ. ಮರೆತವನು ಕೇಳುವ ಬಗೆ ಹೀಗಿರುವುದಿಲ್ಲ. ಒನಕೆ ಓಬವ್ವನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ, ಮಕ್ಕಳಿಗೆ ಹೇಳಿದ್ದೇವೆ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ. ನೀರು ತರಲು ಹೋದ ಓಬವ್ವ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆಯನ್ನು ಹಿಡಿಯುತ್ತಾಳೆ. ನಮ್ಮ ಕಣ್ಣೆಲ್ಲ ಒನಕೆಯ ಮೇಲೆ. ಹವಾಲ್ದಾರರು ಆ ಕಥೆಯನ್ನು ಕುರಿತು ಒಮ್ಮೆ ಹೇಳಿದ್ದು ಇಷ್ಟೇ: "ಕಾವಲಿನವನೂ ಉಣ್ಣಬೇಕಲ್ಲ ಮೇಷ್ಟ್ರೇ. ಅವನು ಉಣ್ಣೋ ಹೊತ್ತನ್ನ ಅವರು ಕಾದಿದ್ದರು." ನಾವು ಮೂವತ್ತು ವರ್ಷ ಪಾಠ ಹೇಳಿದರೂ ಆ ಗಂಡನ ತಟ್ಟೆಯನ್ನು ಕುರಿತು ಯೋಚಿಸಿದವರಲ್ಲ. ಒಬ್ಬನೇ ನೂರು ಜನರನ್ನು ಉರುಳಿಸುವ ಪ್ರಸಂಗ ಬಂದರೆ ಅವರು ಕೆಮ್ಮಿ ನಗುತ್ತಾರೆ. ಮುತ್ತಿಗೆಯ ವರ್ಣನೆ ಬಂದರೆ ನೀರು ಎಲ್ಲಿಂದ ಬರುತ್ತಿತ್ತು, ಕಾಳು ಎಷ್ಟು ದಿನಕ್ಕಿತ್ತು ಎಂದು ಕೇಳುತ್ತಾರೆ. ದುರ್ಗದಲ್ಲಿ ಅಕ್ಕ ತಂಗಿಯರ ಹೊಂಡವೂ ಗೋಪಾಲಸ್ವಾಮಿ ಹೊಂಡವೂ ಇವೆಯೆಂದು ನಾವು ಹೇಳಿದಾಗ, ಆ ಕೋಟೆಯನ್ನು ಕಟ್ಟಿದವನು ಯೋಧನೇ ಇರಬೇಕೆಂದು ಸಮಾಧಾನಪಟ್ಟರು.

ಕುಮಾರವ್ಯಾಸನ ಉತ್ತರಕುಮಾರನ ಪ್ರಸಂಗದಲ್ಲಂತೂ ಅವರ ಅಭಿಪ್ರಾಯ ನಮ್ಮನ್ನು ಬೆರಗುಗೊಳಿಸಿತು. ಉತ್ತರನ ಪೌರುಷ ಒಲೆಯ ಮುಂದೆ ಎಂದು ಜನ ನಗುತ್ತಾರೆ. ಹೆಂಗಸರ ನಡುವೆ ಜಂಬ ಕೊಚ್ಚಿದ ರಾಜಕುಮಾರ ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿದು ತರುತ್ತಾನೆ. ಗಮಕದ ಸಭೆಯಲ್ಲಿ ಇಲ್ಲಿ ನಗೆ ಏಳದಿರುವುದು ಅಪೂರ್ವ. ಹವಾಲ್ದಾರರು ನಗುವುದಿಲ್ಲ. "ಮೊದಲ ದಿನ ಎಲ್ಲರೂ ಉತ್ತರನೇ. ಕಾಲು ಓಡಿದ್ದು ತಪ್ಪಲ್ಲ. ತಿರುಗಿ ರಥ ಹತ್ತಿದನಲ್ಲ, ಅದನ್ನ ನೋಡಿ" ಎಂದರು. ಉತ್ತರನು ಅಂದು ಅರ್ಜುನನಿಗೆ ಸಾರಥಿಯಾಗಿ ಅದೇ ರಣಕ್ಕೆ ಮರಳಿದನೆಂಬುದು ಕಥೆಯಲ್ಲಿ ಸ್ಪಷ್ಟವಾಗಿಯೇ ಇದೆ. ನಗುವಿನ ಭರದಲ್ಲಿ ನಾವು ಅದನ್ನು ದಾಟಿಹೋಗುತ್ತೇವೆ. ವೀರರಸಕ್ಕೆ ಸ್ಥಾಯಿಭಾವ ಉತ್ಸಾಹವೆಂದೂ ಕ್ರೋಧವು ರೌದ್ರಕ್ಕೆ ಸೇರಿದ್ದೆಂದೂ ಶಾಸ್ತ್ರ ಭೇದ ಮಾಡಿದೆ. ಈ ಭೇದವನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುತ್ತೇವೆ. ಓಡಿದವನು ಮರಳಿ ರಥವೇರಿದ್ದೇ ಉತ್ಸಾಹವೆಂದು ಹವಾಲ್ದಾರರು ಶಾಸ್ತ್ರದ ಹೆಸರನ್ನೆತ್ತದೆ ತೋರಿಸಿಕೊಟ್ಟರು.

ಇನ್ನು, ಯುದ್ಧಕಥೆಯನ್ನು ಕೇಳಿದವರ ಕಥೆಗಳೇ ಲೋಕದ ದೊಡ್ಡ ಕಾವ್ಯಗಳಲ್ಲಿ ಬಂದಿರುವುದನ್ನು ಗಮನಿಸಬೇಕು. ವಾಲ್ಮೀಕಿ ರಾಮಾಯಣದಲ್ಲಿ ಕುಶಲವರು ರಾಮನ ಎದುರಿಗೇ ರಾಮನ ಕಥೆಯನ್ನು ಹಾಡುತ್ತಾರೆ. ಗೆದ್ದವನು, ಕಳೆದುಕೊಂಡವನು, ದೊರೆ, ಎಲ್ಲವೂ ತಾನೇ ಆಗಿದ್ದ ರಾಮನು ಮೆಲ್ಲನೆ ಸಭೆಯೊಳಗೊಬ್ಬನಾಗಿ ಕುಳಿತು ಮನಸ್ಸಿಟ್ಟು ಕೇಳಿದನೆಂದು ಬಾಲಕಾಂಡದಲ್ಲಿದೆ. ಸಿಂಹಾಸನದಿಂದ ಇಳಿದು ಬಂದು ಕುಳಿತನೆಂದು ಇದಕ್ಕೆ ಅರ್ಥ ಹೇಳುವವರೂ ಉಂಟು. ನಮಗೆ ಆ ಅರ್ಥವೇ ಒಪ್ಪಿಗೆ. ತನ್ನ ಯುದ್ಧವನ್ನು ಕೇಳಬೇಕಾದರೆ ಯೋಧನು ತನ್ನ ಪೀಠದಿಂದ ಇಳಿಯಬೇಕು. ಹಲವರ ನಡುವೆ ಒಬ್ಬ ಕೇಳುಗನಾಗಬೇಕು.

ಗ್ರೀಕರ ಹೋಮರ ಕವಿಯ 'ಒಡಿಸ್ಸಿ'ಯಲ್ಲಿ ಇದೇ ಸನ್ನಿವೇಶ ಇನ್ನೂ ತೀವ್ರವಾಗಿ ಬಂದಿದೆ. ಟ್ರಾಯ್ ನಗರವನ್ನು ಹತ್ತು ವರ್ಷ ಮುತ್ತಿ ಗೆದ್ದ ವೀರರಲ್ಲೊಬ್ಬನಾದ ಒಡಿಸ್ಸಿಯಸನು ಮನೆಗೆ ಮರಳುವ ದಾರಿಯಲ್ಲಿ ಹಡಗನ್ನು ಕಳೆದುಕೊಂಡು ಪರರಾಜ್ಯದ ಆಸ್ಥಾನವನ್ನು ಸೇರುತ್ತಾನೆ. ಅವನು ಯಾರೆಂಬುದು ಅಲ್ಲಿ ಯಾರಿಗೂ ತಿಳಿಯದು. ಕುರುಡ ಗಾಯಕ ಡೆಮಾಡೊಕಸನು ಟ್ರಾಯ್ ಯುದ್ಧದ ಹಾಡನ್ನೇ ಎತ್ತಿಕೊಳ್ಳುತ್ತಾನೆ. ಒಡಿಸ್ಸಿಯಸನು ಮುಸುಕೆಳೆದುಕೊಂಡು ಅಳುತ್ತಾನೆ. ಹಾಡು ನಿಂತಾಗ ಕಣ್ಣೊರೆಸಿಕೊಳ್ಳುತ್ತಾನೆ. ಇಷ್ಟಾದರೂ ಆಮೇಲೆ ತಾನಾಗಿಯೇ ಆ ಗಾಯಕನಿಗೆ ತನ್ನ ಎಲೆಯಿಂದ ಒಳ್ಳೆಯ ತುಣುಕೊಂದನ್ನು ಕಳುಹಿಸಿ, ಮರದ ಕುದುರೆಯ ಕಥೆಯನ್ನು ಹಾಡೆಂದು ಬೇಡುತ್ತಾನೆ. ಅದು ಅವನದೇ ಉಪಾಯ, ಅವನದೇ ಗೆಲುವು. ಅದನ್ನು ಕೇಳಿ ಅವನು ಅಳುವ ಬಗೆಗೆ ಕವಿ ಕೊಡುವ ಉಪಮೆ ವಿಚಿತ್ರವಾದದ್ದು: ಊರನ್ನು ಕಾಯುತ್ತ ಬಿದ್ದ ಗಂಡನ ಮೈಮೇಲೆ ಬಿದ್ದು ಗೋಳಿಡುವ, ಹಿಂದಿನಿಂದ ಶತ್ರುಗಳ ಭರ್ಜಿಯ ಪೆಟ್ಟು ತಿನ್ನುವ ಹೆಂಗಸಿನಂತೆ ಅವನು ಅತ್ತನೆಂದು. ಟ್ರಾಯ್ ನಗರದ ಹೆಂಗಸರನ್ನು ಆ ಗತಿಗೆ ತಂದವರಲ್ಲಿ ಅವನೂ ಒಬ್ಬ. ಯುದ್ಧದ ದಿನ ಅವರ ಅಳು ಅವನ ಕಿವಿಗೆ ಬಿದ್ದಿರಲಾರದು. ಬಿದ್ದಿದ್ದರೂ ನಿಲ್ಲಲು ಹೊತ್ತಿರಲಿಲ್ಲ. ಹಾಡಿನಲ್ಲಿ ಬಿತ್ತು. ಅನಂತರವೇ ಅವನು ತಾನು ಯಾರೆಂದು ಹೇಳಿ ತನ್ನ ಕಥೆಗೆ ಬಾಯಿ ತೆರೆಯುತ್ತಾನೆ.

ಇವರಿಗೆ ವಿರುದ್ಧವಾದ ಕೇಳುಗನು ನಮ್ಮ ಧೃತರಾಷ್ಟ್ರ. ಕುರುಕ್ಷೇತ್ರವನ್ನು ಮೊದಲಿನಿಂದ ಕೊನೆಯ ವರೆಗೆ ಕಿವಿಯಿಂದಲೇ ಕೇಳಿದವನು ಅವನು; ಸಂಜಯನಂಥ ವಾಚಕ ಇನ್ನೊಬ್ಬನಿಗೆ ದೊರೆತಿಲ್ಲ. ಆದರೆ ಅವನ ಮೊದಲ ಪ್ರಶ್ನೆಯಲ್ಲಿಯೇ 'ನನ್ನವರು' ಬೇರೆ, ಪಾಂಡುವಿನ ಮಕ್ಕಳು ಬೇರೆ. ಹದಿನೆಂಟು ದಿನವೂ ಅವನು ಕೇಳಿದ್ದು ಕಥೆಯನ್ನಲ್ಲ, ಲೆಕ್ಕವನ್ನು. ನಾವು ಕೊಳ್ಳಬೇಕಾದ ಎಚ್ಚರ ಇಲ್ಲಿಯೇ. ಹವಾಲ್ದಾರರ ಕೇಳ್ಮೆಯನ್ನು ನಾವು ಸಮರ್ಥಿಸಿದೆವು. ಆದರೆ ಆ ಸಮರ್ಥನೆಯನ್ನು ರಣವನ್ನು ಕಾಣದ ನಾವೆಲ್ಲ ನಮಗೂ ಸಲ್ಲುವುದೆಂದು ಹಂಚಿಕೊಳ್ಳುವಂತಿಲ್ಲ. ನಾವು ಕುಳಿತಿರುವುದು ಧೃತರಾಷ್ಟ್ರನ ಆಸನದಲ್ಲಿ. ಅವನ ತಪ್ಪು ಬಹು ಸುಲಭವಾಗಿ ನಮ್ಮದಾಗುತ್ತದೆ. ಐತಿಹಾಸಿಕ ಕಾದಂಬರಿಯನ್ನು ಕೇಳುವ ಹುಡುಗನು ಒಂದು ಕೋಟೆಯನ್ನು ತನ್ನದೆಂದು ಹಿಡಿದು, ಹೊರಗಿನವರು ಸತ್ತಾಗ ಚಪ್ಪಾಳೆ ತಟ್ಟುವುದನ್ನೇ ಕಲಿತರೆ, ಅವನು ಚರಿತ್ರೆಯನ್ನೂ ಕಲಿಯಲಿಲ್ಲ, ಕಾವ್ಯವನ್ನೂ ಕಲಿಯಲಿಲ್ಲ.

ಅದೃಷ್ಟವಶಾತ್ ಕನ್ನಡದ ಮೇಲಾದ ರಣಕಥೆಗಳು ಈ ಚಪ್ಪಾಳೆಗೆ ಹೆಚ್ಚು ಎಡೆಗೊಡುವುದಿಲ್ಲ. ಅವುಗಳಲ್ಲಿ ಬಹುಪಾಲು ಸೋಲಿನ ಕಥೆಗಳು. ರನ್ನನು 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ಸಂಜಯನೊಡನೆ ರಣಭೂಮಿಯಲ್ಲಿ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಒಂದೊಂದು ಹೆಣದ ಬಳಿಯೂ ಅವನು ನಿಲ್ಲುತ್ತಾನೆ. ಕಾವ್ಯದ ನಾಯಕ ಭೀಮನಾದರೂ ಓದಿದವನ ಕಣ್ಣೀರು ದುರ್ಯೋಧನನಿಗೆ ಸಲ್ಲುತ್ತದೆ. ಕಂಪಿಲಿಯ ಕುಮಾರರಾಮ ಸೋತವನು. ೧೫೬೫ರ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರ ಸೋತಿತು. ಉಳಿದವರು ನಮ್ಮ ಪೆನುಗೊಂಡೆಗೆ ಬಂದು ರಾಜ್ಯವನ್ನು ಹೂಡಬೇಕಾಯಿತು. ಚಿತ್ರದುರ್ಗ ೧೭೭೯ರಲ್ಲಿ ಹೈದರನ ವಶವಾಯಿತು; ತರಾಸು ಅವರ ಕಾದಂಬರಿಗೆ ಹೆಸರೇ ಅಸ್ತಮಾನ. ೧೯೮೫ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅದರ ಕರ್ತೃವೂ ಅಸ್ತಮಿಸಿದ್ದರು. ಗೆಲುವಿನ ಕಥೆ ಮುಗಿದಾಗ ಕೇಳುಗನು ಎದ್ದು ಮನೆಗೆ ಹೋಗುತ್ತಾನೆ. ಸೋಲಿನ ಕಥೆ ಮುಗಿದಾಗ ಒಂದಿಷ್ಟು ಹೊತ್ತು ಅಲ್ಲಿಯೇ ಕೂರುತ್ತಾನೆ.

ಹವಾಲ್ದಾರರು ಕಿವಿಗೆ ಸಿಕ್ಕಿಸುವ ತಂತಿಯನ್ನು ಬಳಸುವುದಿಲ್ಲ ಎಂಬುದೂ ಒಂದು ಗಣನೀಯ ಸಂಗತಿ. ಈಗಿನ ಕೇಳ್ಮೆಯಲ್ಲಿ ನಮಗೆ ಹಿಡಿಸದ ಅಂಶವೆಂದರೆ ಅದರ ಒಂಟಿತನ. ಗಮಕದ ಸಭೆ ಒಬ್ಬನ ಕಿವಿಯೊಳಗೆ ಮುದುಡಿಕೊಂಡಿದೆ. ಅವರ ಜಗಲಿಯಲ್ಲಿ ಹಾಗಾಗಿಲ್ಲ. ಧ್ವನಿ ಬೀದಿಗೆಲ್ಲ ಕೇಳುವಂತಿರುತ್ತದೆ. ಪಕ್ಕದ ಮನೆಯ ಹೆಂಗಸರು ಕಡಲೆಕಾಯಿ ಸುಲಿಯುತ್ತ ಕುಳಿತಿರುತ್ತಾರೆ. ಒಂದು ಸಂಜೆ ಲಗ್ಗೆಯ ಅಧ್ಯಾಯ ಮುಗಿದಾಗ ಆ ಗುಂಪಿನ ಅಜ್ಜಿಯೊಬ್ಬರು, "ಸತ್ತೋರ ಹೆಂಡ್ರ ಕತೆ ಯಾವಾಗ ಬರ್ತದಪ್ಪಾ?" ಎಂದು ಕೇಳಿದರು. ಅಜ್ಜಿಗೆ ಹೋಮರನು ಗೊತ್ತಿಲ್ಲ. ಹವಾಲ್ದಾರರು ಉತ್ತರ ಕೊಡದೆ ಮೊಬೈಲನ್ನು ನಿಲ್ಲಿಸಿದರು. ಮರುದಿನ ಅದೇ ಅಧ್ಯಾಯವನ್ನು ಮೊದಲಿನಿಂದ ಹಚ್ಚಿದರು. ಮೊಮ್ಮಗಳು ಇದನ್ನೆಲ್ಲ ಓದಬಹುದೆ ಎಂಬ ಅಧ್ಯಾಪಕರ ಸಂದೇಹಕ್ಕೆ ಉತ್ತರವನ್ನು ನಾವು ಆ ಅಜ್ಜಿಗೇ ಬಿಡುತ್ತೇವೆ. ಅಂಥ ಪ್ರಶ್ನೆ ಕೇಳುವವರು ಪಕ್ಕದಲ್ಲಿದ್ದರೆ ಹುಡುಗಿ ಓದಲಿ. ಇಲ್ಲದಿದ್ದರೆ ದೊಡ್ಡವರು ಓದುವುದೂ ಅಪಾಯವೇ.

ನಮ್ಮ ಸೀಮೆಯಲ್ಲಿ ಕಥೆ ಹೇಳುವ ಧ್ವನಿಗಿಂತ ಹಳೆಯದಾದ ಇನ್ನೊಂದು ಸಾಕ್ಷಿಯೂ ಇದೆ, ಅದು ಕಲ್ಲು. ಮಡಕಶಿರಾ ಸೀಮೆಯ ಹೇಮಾವತಿ, ಹಿಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ಇದು ವೀರಗಲ್ಲಿನ ಸಾಮಾನ್ಯ ಕ್ರಮವೆಂದು ವಿದ್ಯಾರ್ಥಿಗಳು ಬಲ್ಲರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದಿಟ್ಟ ಕಲ್ಲೊಂದಿದೆ. ಗಂಗರ ಎರೆಯಪ್ಪನ ಪರವಾಗಿ ವೀರಮಹೇಂದ್ರನ ವಿರುದ್ಧ ಕಾದಿ ತುಂಬೆಪಾಡಿಯಲ್ಲಿ ಬಿದ್ದ ನಾಗತ್ತರನ ಕಲ್ಲು ಅದು. ಆ ವೀರಮಹೇಂದ್ರನು ನೊಳಂಬರ ದೊರೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎಂದರೆ ನಮ್ಮ ಹೆಂಜೇರಿನವನು ಆ ಕಲ್ಲಿನಲ್ಲಿ ಶತ್ರು. ಎರಡು ಪಕ್ಷದವರ ಶಾಸನಗಳೂ ಕನ್ನಡವೇ. ಅಲ್ಲಿ ನಿಂತು 'ನನ್ನವರು' ಎಂದು ಯಾರನ್ನು ಕರೆಯಬೇಕೆಂಬುದು ರೊಳ್ಳದ ಹುಡುಗನಿಗೆ ಸುಲಭವಾಗಿ ತಿಳಿಯದು, ತಿಳಿಯದಿರುವುದೇ ಒಳ್ಳೆಯದು.

ಅದೇ ಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೂ ಇದೆ. ೯೪೯ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ಮಹಾಯುದ್ಧದಲ್ಲಿ ಚೋಳರ ರಾಜಾದಿತ್ಯನು ಗಂಗ ಬೂತುಗನಿಂದ ಹತನಾದನು. ಬೂತುಗನ ಕಡೆಯ ಮಣಲೆರನು ಆ ಯುದ್ಧದಲ್ಲಿ ಕಾದಿ ಜೀವಸಹಿತ ಹಿಂದಿರುಗಿದವನು. ಮೆಚ್ಚಿದೆ, ಬೇಡಿಕೋ ಎಂದಾಗ ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ಮಣಲೆರನು ನಾಯಿಯ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಪೂಜಾರಿ ಉಣ್ಣಬಾರದೆಂದು ಕಟ್ಟಳೆ ಮಾಡಿದನು. ಕಲ್ಲಿನ ಮೇಲೆ ಹಂದಿಯೊಡನೆ ಕಾದುವ ಆ ನಾಯಿಯ ಚಿತ್ರವನ್ನು ಇಂದಿಗೂ ನೋಡಬಹುದು.

ಈ ಸಂಗತಿಯನ್ನು ನಾವು ಜಗಲಿಯ ಮೇಲೆ ಕುಳಿತು ಹವಾಲ್ದಾರರಿಗೆ ಹೇಳಿದೆವು. ಕಾದಂಬರಿಯನ್ನು ಕೇಳುವಂತೆಯೇ ಕಣ್ಣು ಮುಚ್ಚಿ ಕೇಳಿದರು. ಅಷ್ಟು ದೊಡ್ಡ ಯುದ್ಧ ಗೆದ್ದು ಬಂದವನು ನಾಯಿಯನ್ನೇ ಏಕೆ ಕೇಳಿದನೋ ಎಂದು ಹೆಂಗಸರಲ್ಲಿ ಒಬ್ಬರು ನಕ್ಕರು. ಹವಾಲ್ದಾರರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಕಲ್ಲಿನಲ್ಲಿ ಯಾರ್ಯಾರ ಹೆಸರು ಬರೆದಿದೆ ಮೇಷ್ಟ್ರೇ?" ಎಂದು ಕೇಳಿದರು.

ಅರಸರ ಹೆಸರುಗಳಿವೆ, ಮಣಲೆರನ ಹೆಸರಿದೆ, ನಾಯಿಯ ಹೆಸರಿದೆ ಎಂದೆವು.